ನಮ್ಮ ಅಂಗಳದಲ್ಲಿ ಸೋಲದ ತಂಡ

ಗೋಕಾಕದ ನಮ್ಮ ಕಾಲೇಜಿನ ಅಂಗಳಕ್ಕೆ ಬಂದು ಬಾಸ್ಕೆಟ್‌ಬಾಲ್‌ನಲ್ಲಿ ನಮ್ಮ ಹುಡುಗಿಯರನ್ನು ಸೋಲಿಸುವ ತಂಡ ಇನ್ನೂ ಹುಟ್ಟಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಕಾರಣ ಕೇಳಿದರೆ ಕೆಲವರು ಘಟಪ್ರಭೆಯ ನೀರು ಅಂದರು, ಕೆಲವರು ಜೋಳದ ರೊಟ್ಟಿ ಅಂದರು, ಕರದಂಟಿನ ಅಂಗಡಿಯವರು ಕರದಂಟು ಅಂದರು. ನಾನು ಅರ್ಥಶಾಸ್ತ್ರ ಕಲಿಸುವವನು. ಹಿಂದಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ತಂಡದ ಮ್ಯಾನೇಜರ್ ಆದೆ. ಇಂಥ ಕಡೆ ಕೆಲಸ ಮಾಡುವವನಿಗೆ ನಗೆಗೆ ಬರವಿಲ್ಲ. ಹಲ್ಲು ಕಚ್ಚಿಕೊಂಡು ನಗಬೇಕು, ಅಷ್ಟೇ.

ಗೋಡೆ

ಅಂಗಳ ಕಟ್ಟಿಸಿಕೊಟ್ಟವರು ಊರಿನ ಒಬ್ಬ ಸಾವಕಾರರು. ರಿಂಗಿನ ಹಿಂದಿನ ಹಲಗೆಯ ಮೇಲೆ ತಮ್ಮ ಅಪ್ಪನ ಹೆಸರು ಬರೆಸಿದ್ದರು. ಉದ್ಘಾಟನೆಗೆ ಮೊದಲು ರಸ್ತೆಗೆ ಹೋಗಿ ನಿಂತು ನೋಡಿದರು. ಮುಖ ಸಣ್ಣದಾಯಿತು.

"ಅಪ್ಪನ ಹೆಸರು ಅರ್ಧಾನ ಕಾಣಾಕತ್ತೈತಿ. ಗ್ವಾಡಿ ಅಡ್ಡ ಬಂದೈತಿ."

ನಮ್ಮ ದೈಹಿಕ ಶಿಕ್ಷಣದ ಮಾಸ್ತರು ಮುಂದೆ ಬಂದರು. "ಗ್ವಾಡಿ ಒಡಸೂಣೇನ್ರಿ ಸಾವಕಾರ್ರ?"

"ಏ, ಅದು ಅವ್ವನ ಹೆಸರಿನ್ಯಾಗ ಕಟ್ಟಿಸಿದ್ದೋ!"

ಯಮಕನಮರಡಿಯಿಂದ ವೆಲ್ಡರ್ ಬಂದು ಕಂಬಕ್ಕೆ ಒಂದು ತುಂಡು ಕೂಡಿಸಿದ. ಹಲಗೆ ಮೇಲೇರಿ ಹೆಸರು ಬಸ್ಸಿನವರಿಗೂ ಕಾಣತೊಡಗಿತು. ಆಮೇಲೆ ಆಚೆ ತುದಿಯ ಕಂಬಕ್ಕೂ ಅಷ್ಟೇ ತುಂಡು ಕೂಡಿಸಿದ. ಅಲ್ಲಿದ್ದದ್ದು ಅಜ್ಜನ ಹೆಸರು. ಅಜ್ಜ ಅಪ್ಪನಿಗಿಂತ ಕೆಳಗಿರುವುದು ಆ ಮನೆತನದಲ್ಲಿ ನಡೆಯುವುದಿಲ್ಲ.

ಊಟ

ಪಂದ್ಯಾವಳಿ ಎಲ್ಲಿ ನಡೆಯಬೇಕು ಎಂಬುದನ್ನು ಊಟ ತೀರ್ಮಾನಿಸುತ್ತದೆ. ಸಾವಕಾರರು ಹೋಳಿಗೆ, ತುಪ್ಪ ಅಂದರು. ವಲಯದ ಪಂದ್ಯ, ರಾಜ್ಯದ ಪಂದ್ಯ ಎರಡೂ ನಮ್ಮಲ್ಲೇ ನಡೆದವು, ಎರಡನ್ನೂ ನಾವೇ ಗೆದ್ದೆವು. ಹೊರಗಿನವರು ಎಸೆದ ಚೆಂಡು ರಿಂಗಿನವರೆಗೂ ಹೋಗದೆ ಕೆಳಗೆ ಬೀಳುತ್ತಿತ್ತು. ಗೋಡೆಯ ಮೇಲೆ ಕೂತ ಜನ ಕೂಗುತ್ತಿದ್ದರು: "ತಂಗೀ, ಇನ್ನೊಂದ್ ರೊಟ್ಟಿ ತಿಂದ್ ಬಾರವಾ!"

ನಮ್ಮ ನಾಯಕಿ ಮಸಗುಪ್ಪಿಯವಳು, ಕೊನೆಯ ವರ್ಷದಲ್ಲಿದ್ದಳು. ದೂರದಿಂದ ಅವಳು ಎಸೆದರೆ ನೆಟ್ ಮಾತ್ರ ಅಲುಗುತ್ತಿತ್ತು. ಆಟದ ಋತುವಿನ ಕೊನೆಗೆ ನಡೆಯುವ ಅಖಿಲ ಭಾರತ ಕಾಲೇಜು ಪಂದ್ಯಾವಳಿಗೆ, ಆಟಗಾರರಿಗೆ ನೌಕರಿ ಕೊಡುವ ಅಧಿಕಾರಿಗಳು ಬಂದು ಕೂರುತ್ತಾರೆ. ಅವಳ ಕಣ್ಣು ಅದರ ಮೇಲಿತ್ತು.

"ನೌಕರಿ ಸಿಕ್ಕರ ಪಾರಾದೆ ಸರ. ಇಲ್ಲಂದ್ರ ಮೇ ತಿಂಗಳದಾಗ ಲಗ್ನ. ಹುಡುಗ ಬಂದ್ ನೋಡಿ ಹೋಗ್ಯಾನ."

"ಹ್ಯಾಂಗದಾನವಾ?"

"ಬಾಸ್ಕೆಟ್‌ಬಾಲ್ ಆಡ್ತೀನಿ ಅಂದೆ. ಎಷ್ಟು ರನ್ ಹೊಡಿತೀ ಅಂತ ಕೇಳಿದಾನ್ರಿ."

ಮೂಡಲಗಿಯ ಶಾಲು

ಅಖಿಲ ಭಾರತ ಪಂದ್ಯಾವಳಿಗೆ ಹೊರಡುವ ಮುನ್ನ ಮೂಡಲಗಿಯಲ್ಲಿ ಸತ್ಕಾರ. ವೇದಿಕೆ ತುಂಬ ಗಣ್ಯರು, ಬಿಸಿಲಿನಲ್ಲಿ ಆಟಗಾರ್ತಿಯರು. ಶಾಲು ಹೊದಿಸುವ ಹೊತ್ತಿಗೆ ಮುಖಂಡರೊಬ್ಬರು ಸುತ್ತ ನೋಡಿದರು.

"ಹುಡುಗ್ಯಾರು ಮ್ಯಾಲ ಬಂದ್ರ ಜಾಗಾ ಸಾಲಂಗಿಲ್ಲ. ಆ ಚೆಂಡ್ ಕೊಡ್ರಿ ಇಲ್ಲೆ."

ಚೆಂಡಿಗೆ ಹಾರ ಬಿತ್ತು, ಶಾಲು ಬಿತ್ತು. ಮುಖಂಡರ ತೊಡೆಯ ಮೇಲೆ ಕೂತು ಅದು ಫೋಟೋ ತೆಗೆಸಿಕೊಂಡಿತು. ಅಭ್ಯಾಸಕ್ಕೆ ಇದ್ದ ಒಳ್ಳೆಯ ಚೆಂಡು ಅದೊಂದೇ. ಮರುದಿನ ಕೇಳಲು ಹೋದೆ. ಅದು ಅವರ ಮನೆಯ ಶೋಕೇಸಿನಲ್ಲಿತ್ತು.

"ಸತ್ಕಾರ ಆದ ಚೆಂಡ್ ನೆಲಕ್ಕ ಬಡೀತಾರೇನ್ರಿ ಸರ?" ಎಂದರು, ನನ್ನ ಸಂಸ್ಕಾರದ ಬಗ್ಗೆ ಮರುಗುತ್ತ.

ಹುಕ್ಕೇರಿಯ ಬ್ಯಾನರ್

ರಾಷ್ಟ್ರೀಯ ಪಂದ್ಯಾವಳಿಯಲ್ಲಿ ನಮ್ಮ ಮೊದಲ ಪಂದ್ಯವೇ ಕೊನೆಯದಾಯಿತು. ನಾಯಕಿ ಎಸೆದ ಚೆಂಡೆಲ್ಲ ರಿಂಗನ್ನು ದಾಟಿ ಹಲಗೆಗೆ ಬಡಿದು ವಾಪಸು ಬಂತು. ನೌಕರಿ ಕೊಡುವವರು ಅರ್ಧಕ್ಕೇ ಎದ್ದು ಚಹಾಕ್ಕೆ ಹೋದರು. ಅವಳು ಒಮ್ಮೆ ಜಿಗಿದು ನೆಟ್ ಮುಟ್ಟಿದಳು, ನಿಂತು ತನ್ನ ಬೆರಳನ್ನೇ ನೋಡಿಕೊಂಡಳು.

"ಸರ, ಇಲ್ಲಿ ನೆಟ್ ಕೈಗೆ ಹತ್ತತೈತ್ರಿ. ನಮ್ಮಲ್ಲೆ ಎಂದೂ ಹತ್ತಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಮಾಸ್ತರು ಬಾಟಲಿ ಚಾಚಿದರು. "ತಲಿ ತಿರಗಾಕತ್ತೈತಿ ನಿನಗ. ನೀರ್ ಕುಡಿ."

ವಾಪಸು ಬರುವಾಗ ಹುಕ್ಕೇರಿಯಲ್ಲಿ ನಮ್ಮ ಗಾಡಿಯನ್ನು ಬ್ಯಾಂಡಿನವರು ತಡೆದರು. ರಸ್ತೆಗೆ ಅಡ್ಡಲಾಗಿ ಬ್ಯಾನರ್: ರಾಷ್ಟ್ರ ವಿಜೇತೆಯರಿಗೆ ಸ್ವಾಗತ.

ನಾನು ಇಳಿದು ಹೇಳಿದೆ: "ಸೋತ್ ಬಂದೀವ್ರಿ."

"ಗೊತ್ತೈತ್ರಿ ಸರ," ಎಂದ ಸಂಘಟಕ. "ಬ್ಯಾನರ್ ಮೊದಲ ಹೊಡಿಸಿದ್ವಿ. ಈಗೇನ್ ಮಾಡೂದು? ಹುಡುಗ್ಯಾರಿಗೆ ಗೆದ್ದಂಗ ನಿಲ್ಲಾಕ ಹೇಳ್ರಿ."

ನಿಂತರು. ನಾಯಕಿ ಅಳತೊಡಗಿದಳು. ಸಂಘಟಕ ಫೋಟೋದವನ ಹೆಗಲು ತಟ್ಟಿದ. "ಬಿಡಬ್ಯಾಡ, ಹೊಡಿ! ಆನಂದದ ಕಣ್ಣೀರು ಅಂತ ಹಾಕೂಣು."

ವಿಚಾರಣೆ

ಸೋಲಿನ ವಿಚಾರಣೆ ನಮ್ಮ ಅಂಗಳದಲ್ಲೇ, ಅಪ್ಪನ ಹೆಸರಿನ ನೆರಳಿನಲ್ಲಿ ನಡೆಯಿತು. ಹೊರಗಿನ ನೀರು ಒಗ್ಗಲಿಲ್ಲ ಎಂದರು ಪ್ರಾಚಾರ್ಯರು. ಹುಡುಗಿಯರಲ್ಲಿ ಛಲ ಇಲ್ಲ ಎಂದರು ಮಾಸ್ತರು. ಸಾವಕಾರರು ನೇರ ನಾಯಕಿಯ ಕಡೆ ಬೆರಳು ಮಾಡಿದರು. "ಈಕಿ ಅಂಜ್ಯಾಳ. ಅಪ್ಪನ ಹೆಸರು ಕಳದಳು." ಅವಳ ಲಗ್ನದ ಪತ್ರಿಕೆ ಅಷ್ಟರಲ್ಲಿ ಅಚ್ಚಾಗಿತ್ತು.

ಪರಿಹಾರವನ್ನೂ ಸಾವಕಾರರೇ ಸೂಚಿಸಿದರು. "ಬರೂ ವರ್ಷ ರಾಷ್ಟ್ರೀಯ ಪಂದ್ಯಾನೂ ಇಲ್ಲೇ ಇಡೂಣು. ಊಟ ನಂದು."

ಚಪ್ಪಾಳೆ ಬಿತ್ತು. ನಾಯಕಿ ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೋಗಿ ನಿಚ್ಚಣಿಕೆ ತಂದಳು, ಮಾಸ್ತರ ಕೋಣೆಯಿಂದ ಅಳತೆಯ ಟೇಪು ತಂದಳು, ನಿಚ್ಚಣಿಕೆಯನ್ನು ಕಂಬಕ್ಕೆ ಆನಿಸಿದಳು.

"ಏ ಹುಡುಗಿ, ಚಪ್ಪಲ್ ಬಿಟ್ಟ್ ಹತ್ತು," ಸಾವಕಾರರು ಗದರಿದರು. "ಮ್ಯಾಲ ಅಪ್ಪ ಅದಾನ."

ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಟೇಪಿನ ತುದಿಯನ್ನು ನಾನು ನೆಲಕ್ಕೆ ಒತ್ತಿ ಹಿಡಿದೆ. ಅವಳು ರಿಂಗಿಗೆ ಹಿಡಿದು, ಎಲ್ಲರಿಗೂ ಕೇಳುವಂತೆ ಓದಿದಳು.

ರಿಂಗು ಹತ್ತು ಅಡಿ ಎತ್ತರದಲ್ಲಿರಬೇಕೆಂಬುದು ಆಟದ ನಿಯಮ. ನಮ್ಮದು ಹನ್ನೊಂದು ಅಡಿ ಇತ್ತು.