ಗೆರೆ ತನಕ ತುಂಬಿದ ಮಡಕೆ

ಸಂಶೋಧನೆ ಅಂದರೆ ದಪ್ಪ ಕನ್ನಡಕದವರು ಎಲ್ಲೋ ದೂರ ಕೂತು ಮಾಡುವ ಕೆಲಸ ಅಂತ ನಾನು ಬಹಳ ವರ್ಷ ನಂಬಿದ್ದೆ. ಈಗ ಅದು ನಮ್ಮ ಖಾಸಬಾಗದ ಮನೆಯಲ್ಲಿ, ಬಚ್ಚಲಿನ ಬಾಜೂ ಇರುವ ಕಟ್ಟೆಯ ಮೇಲೇ ನಡೆದುಹೋಯಿತು. ಅದರ ಪುಸ್ತಕದಲ್ಲಿ ನನ್ನ ಹೆಸರೂ ಅಚ್ಚಾಯಿತು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ರೇಶನ್ ಕಾರ್ಡು, ವೋಟಿನ ಚೀಟಿ ಬಿಟ್ಟರೆ ನನ್ನ ಹೆಸರು ಅಚ್ಚಿನಲ್ಲಿ ಬಂದದ್ದು ಇದೇ ಮೊದಲು. ಎಂಟು ದಿನದಿಂದ ಆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಓಣಿ ತುಂಬ ತಿರುಗುತ್ತಿದ್ದೇನೆ. ಹಾಲಿನವನಿಗೂ ತೋರಿಸಿದೆ. ಅವನು ಓದಿ ನಕ್ಕ. ಯಾಕೆ ನಕ್ಕ ಅಂತ ಹೇಳಬೇಕಾದರೆ ಮೊದಲಿನಿಂದಲೇ ಹೇಳಬೇಕು.

ನನ್ನ ಮೊಮ್ಮಗಳು ಶ್ರಾವಣಿ ಒಂಬತ್ತನೇ ಇಯತ್ತೆ. ಈ ವರ್ಷ ಒಬ್ಬೊಬ್ಬರೂ ತಾವೇ ಒಂದು ವಿಷಯ ಹಿಡಿದು ಸಂಶೋಧನೆ ಮಾಡಬೇಕಂತೆ, ಅದಕ್ಕೊಬ್ಬ ಮಾರ್ಗದರ್ಶಕರಂತೆ. ಇವಳ ಪಾಲಿಗೆ ಬಂದವರು ವಿಜ್ಞಾನದ ಸರ್. ಒಂದು ದಿನವಾದರೂ ಮನೆಗೆ ಬಂದು ನೋಡುತ್ತಾರೆಂದು ನಾನು ಅವಲಕ್ಕಿ ಹಚ್ಚಿ ಡಬ್ಬಿ ತುಂಬಿಟ್ಟಿದ್ದೆ. ಅವಲಕ್ಕಿ ಮೆತ್ತಗಾಯಿತೇ ಹೊರತು ಸರ್ ಬರಲಿಲ್ಲ. ಅವರು ಮಾರ್ಗ ತೋರಿಸುವುದೆಲ್ಲ ಮೊಬೈಲಿನಲ್ಲಿ. ಹುಡುಗಿ ಏನು ಬರೆದು ಕಳಿಸಿದರೂ ಆ ಕಡೆಯಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಕೈ ನಡುಗಿ ಸಹಿ ಸೊಟ್ಟಗಾದರೆ ಬ್ಯಾಂಕಿನಲ್ಲಿ ನನ್ನ ಹತ್ತಿರ ಒತ್ತಿಸಿಕೊಳ್ಳುವುದೂ ಅದೇ ಬೆರಳು. ಒತ್ತಿದ ನಾನು ಹೆಬ್ಬೆಟ್ಟಿನವಳು, ಒತ್ತಿದ ಅವರು ಮಾರ್ಗದರ್ಶಕರು.

ವಿಷಯವಾದರೂ ಎಂಥದ್ದು? ಖಾನಾಪುರದ ಮಣ್ಣಿನ ಮಡಕೆಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ ಅನ್ನುವುದು. ತಣ್ಣಗಾಗುತ್ತದೆ, ಕುಡಿಯಬೇಕು, ತುಟಿ ಒರೆಸಿಕೊಳ್ಳಬೇಕು. ಇದಕ್ಕೊಂದು ಪುಸ್ತಕ ಬೇರೆ. ಆದರೂ ಖಾನಾಪುರದಲ್ಲಿರುವ ನನ್ನ ತಂಗಿಗೆ ಹೇಳಿ ಒಳ್ಳೆಯ ಕೆಂಪು ಮಡಕೆ ತರಿಸಿಕೊಟ್ಟೆ. ಶ್ರಾವಣಿ ಮಡಕೆ, ಸ್ಟೀಲಿನ ಕೊಡ, ಪ್ಲಾಸ್ಟಿಕ್ ಕೊಡ ಮೂರನ್ನೂ ಸಾಲಾಗಿ ಇಟ್ಟು, ಮೂರರ ಒಳಗೂ ಉಗುರಿನ ಬಣ್ಣದಿಂದ ಗೆರೆ ಎಳೆದು, ಗೆರೆ ತನಕ ನೀರು ತುಂಬಿದಳು. ದಿನಾಲೂ ಎಂಟಕ್ಕೆ ಸಾಲಿಗೆ ಹೋಗುವ ಮುಂಚೆ ನೀರು ಎಷ್ಟು ಇಳಿದಿದೆ, ಎಷ್ಟು ತಂಪಾಗಿದೆ ಅಂತ ಬರೆದುಕೊಳ್ಳುವುದು. "ಅಜ್ಜಿ, ಇದ್ರಾಗಿನ ನೀರು ಯಾರೂ ಕುಡೀಬ್ಯಾಡ್ರಿ" ಅಂದಳು. ನಾನು ಒಂದು ಹನಿ ಕುಡಿಯಲಿಲ್ಲ.

ಹದಿನೈದು ದಿನ ಕಳೆದವು. ಮಡಕೆಯ ನೀರು ಕಣಕುಂಬಿಯ ಹಳ್ಳದ ನೀರಿನ ಹಾಗೆ ತಣ್ಣಗೆ, ಆದರೆ ಗೆರೆಯಿಂದ ಕೂದಲಿನಷ್ಟೂ ಇಳಿದಿಲ್ಲ. ಶ್ರಾವಣಿ ಅದನ್ನೇ ಬರೆದು ಕಳಿಸಿದಳು. ಸರ್ ಈ ಸಲ ಎರಡು ಹೆಬ್ಬೆರಳು ಕಳಿಸಿದರು. ಹನಿ ನೀರು ಕಳೆದುಕೊಳ್ಳದೆ ತಂಪು ಮಾಡುವ ಮಣ್ಣು ಎಲ್ಲೂ ಇಲ್ಲ, ಇದು ಅಪರೂಪದ ಶೋಧ ಅಂತ ಜಿಲ್ಲೆಯ ಪ್ರದರ್ಶನಕ್ಕೆ ಇವಳ ಹೆಸರು ಬರೆಸಿಯೂ ಬಿಟ್ಟರು. ನಾನು ತಂಗಿಗೆ ಫೋನು ಮಾಡಿ, ನಿಮ್ಮೂರ ಮಣ್ಣಿನ ನಸೀಬು ತೆರೆಯಿತು ಅಂದೆ.

ಹುಡುಗಿ ಮಾತ್ರ ಕಟ್ಟೆಯ ಮುಂದೆ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದಳು.

"ಮಡಕಿ ಹೊರಗ ಬೆವತೈತಿ, ಕೆಳಗ ಕಟ್ಟಿ ಹಸಿ ಆಗೇತಿ. ಒಳಗ ನೀರು ಕಡಿಮಿನ ಆಗಿಲ್ಲ. ಅದು ಹೆಂಗ ಅಜ್ಜಿ?"

"ಕಡಿಮಿ ಹೆಂಗ ಆಗ್ತದವಾ?" ನಾನು ಹೆಮ್ಮೆಯಿಂದಲೇ ಅಂದೆ. "ದಿನಾ ನಸುಕಿನ್ಯಾಗ ನಾ ತುಂಬಸ್ತೀನಲ್ಲ. ನಿನ್ನ ಗೆರಿ ಹಿಡದ, ಒಂದ ಹನಿ ಹೆಚ್ಚಿಲ್ಲ, ಕಡಿಮಿ ಇಲ್ಲ."

ಈ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ಹೇಳಿಕೊಟ್ಟ ಪಾಠ ಅದು: ಸೂರ್ಯ ಮೂಡುವಾಗ ಮನೆಯ ಕೊಡ ಅರೆಕೊರೆ ಇರಬಾರದು. ನಳ ಬಂದ ಕೂಡಲೇ ಕೈ ತಾನೇ ಹೋಗುತ್ತದೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಕೈಗೆ ಇನ್ನೂ ಗೊತ್ತಾಗಿಲ್ಲ.

ಶ್ರಾವಣಿ ಅಲ್ಲೇ ಅಳತೊಡಗಿದಳು. ನಾನು ಸೆರಗಿನಿಂದ ಅವಳ ಕಣ್ಣು ಒರೆಸಿದೆ. "ಇರ್ಲಿ ಬಿಡವಾ, ಯಾರಿಗೆ ಗೊತ್ತಾಗ್ತದ? ನಾ ಅಂತೂ ಬಾಯಿ ಬಿಡಂಗಿಲ್ಲ" ಅಂದೆ. ಅವಳು ಮರುದಿನ ಸರ್ ಮುಂದೆ ಎಲ್ಲಾ ಹೇಳಿದಳು. ಸಂಜೆ ಬಂದಾಗ ಮುಖ ಇನ್ನೂ ಸಣ್ಣದಾಗಿತ್ತು. ಇರಲಿ ಬಿಡು, ಯಾರಿಗೆ ಗೊತ್ತಾಗುತ್ತದೆ ಅಂದರಂತೆ ಸರ್.

ನನಗೆ ಸಿಟ್ಟು ನೆತ್ತಿಗೇರಿತು. ಕಲಿಸುವವನು ಮಗುವಿಗೆ ಸುಳ್ಳು ಹೇಳಲು ಕಲಿಸುವುದೇ? ಇಂಥವರಿಗೆ ಯಾರು ಪಗಾರ ಕೊಡುತ್ತಾರೆ, ಇವರ ಮನೆಯಲ್ಲಿ ಹಿರಿಯರು ಇಲ್ಲವೇ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಶ್ರಾವಣಿ ಪೂರ್ತಿ ಕೇಳಿಸಿಕೊಂಡು, "ನಿನ್ನಿ ನೀನೂ ಅದನ್ನ ಅಂದಿದ್ದಿ ಅಜ್ಜಿ" ಅಂದಳು. ಒಲೆಯ ಮೇಲೆ ಬೇಳೆ ಹೊತ್ತುತ್ತಿದೆ ಅಂತ ನಾನು ಒಳಗೆ ಹೋದೆ. ಒಲೆಯ ಮೇಲೆ ಬೇಳೆ ಇರಲಿಲ್ಲ.

ಅವಳು ಪ್ರದರ್ಶನದ ಪಟ್ಟಿಯಿಂದ ಹೆಸರು ತೆಗೆಸಿ, ಮೊದಲಿನಿಂದ ಅಳೆಯಲು ನಿಂತಳು. ನನ್ನನ್ನು ಹದಿನೈದು ದಿನ ಖಾನಾಪುರಕ್ಕೆ ಅಟ್ಟಿದಳು. ಸಂಶೋಧನೆ ಮುಗಿಯುವ ತನಕ ಮನೆಯ ಹಿರಿಯಳೇ ಗಡಿಪಾರು. ಅಲ್ಲಿಯೂ ನಸುಕಿನಲ್ಲಿ ಎದ್ದು ತಂಗಿಯ ಮನೆಯ ಕೊಡವೆಲ್ಲ ತುಂಬಿದೆ. ತಂಗಿಯ ಸೊಸೆ ಮರಾಠಿಯಲ್ಲಿ, ಮಾವಶಿ, ನೀವು ಇಲ್ಲೇ ಇದ್ದುಬಿಡಿ ಅಂದಳು. ಆ ಮನೆಯಲ್ಲಿ ಮಾರ್ಗದರ್ಶನದ ಬೆಲೆ ಬಲ್ಲವರಿದ್ದಾರೆ.

ಕಡೆಗೆ ನಿಜ ಹೊರಬಿತ್ತು: ಮಡಕೆಯ ನೀರು ದಿನಕ್ಕೆ ಒಂದು ಬೆರಳು ಇಳಿಯುತ್ತದೆ, ಇಳಿಯುವುದರಿಂದಲೇ ತಂಪಾಗುತ್ತದೆ. ಹುಡುಗಿ ಜಿಲ್ಲೆಗೆ ಹೋಗಲಿಲ್ಲ. ಆದರೆ ಪುಸ್ತಕ ಅಚ್ಚುಕಟ್ಟಾಗಿ ಬಂತು. ಮೊದಲ ಪುಟದಲ್ಲಿ "ಮಾರ್ಗದರ್ಶಕರು" ಅಂತ ಸರ್ ಹೆಸರು. ಕಡೆಯ ಪುಟ ನಾನು ಅಕ್ಷರ ಕೂಡಿಸಿ ಓದಿದೆ: "ಮೊದಲ ಪ್ರಯೋಗದ ದೋಷಕ್ಕೆ ಕಾರಣ: ನನ್ನ ಅಜ್ಜಿ ಕೃಷ್ಣಾಬಾಯಿ."

ಹಾಲಿನವನು ನಕ್ಕದ್ದು ಇದಕ್ಕೇ. ನಗಲಿ. ಖರೇ ಬರೆದಿದ್ದಾಳೆ ನನ್ನ ಕೂಸು, ಅದೂ ದಪ್ಪ ಅಕ್ಷರದಲ್ಲಿ. ನನ್ನದು ಒಂದೇ ತಕರಾರು: ಸರ್ ಹೆಸರು ಮೊದಲ ಪುಟದಲ್ಲಿ ಯಾಕೆ? ಹೇಳಿದ್ದು ಇಬ್ಬರೂ ಒಂದೇ ಮಾತು, ಅವರಿಗೂ ನನ್ನ ಬಾಜೂ ಒಂದಿಷ್ಟು ಜಾಗ ಕೊಡಬೇಕಾಗಿತ್ತು.