ಶೇಖರನ ಡಬ್ಬಿ ಒಲೆ

ಎರಡು ಖಾಲಿ ಸೋಡಾ ಡಬ್ಬಿ ಕತ್ತರಿಸಿ, ರಾಯಚೂರಿನ ಕಾಲೇಜೊಂದರ ಗುಮಾಸ್ತ ಶೇಖರ ಸ್ಪಿರಿಟ್ ಒಲೆ ಮಾಡಿದ್ದ. ಕೈಯಲ್ಲಿಟ್ಟರೆ ಹಪ್ಪಳದಷ್ಟು ಹಗುರ. ಹಿಮಾಲಯಕ್ಕೆ ಹೊರಟ ಹತ್ತು ಮಂದಿಯ ಜೊತೆ ಒಲೆ ನೋಡಿಕೊಳ್ಳಲು ಒಬ್ಬನನ್ನು ಕಾಲೇಜು ಪುಕ್ಕಟೆ ಕಳಿಸಲಿತ್ತು. ದೇವದುರ್ಗ, ಮಾನ್ವಿ ಬಿಟ್ಟು ಆಚೆ ಕಾಣದ ಶೇಖರನಿಗೆ ಒಮ್ಮೆ ಹಿಮ ಮುಟ್ಟಬೇಕಿತ್ತು. ಒಲೆ ಆರಿಸುವ ಪರೀಕ್ಷೆಯಲ್ಲಿ ತನ್ನದು ಗೆದ್ದರೆ ತಾನೇ ಒಲೆಯವ. ಇದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮೇ ತಿಂಗಳ ಭಾನುವಾರ ಮಧ್ಯಾಹ್ನ, ತಂಡದ ಮುಂದಾಳು, ವ್ಯಾಯಾಮ ಶಿಕ್ಷಕಿ ಅಂಬಿಕಾ ಮೂರು ಒಲೆಗಳ ಪರೀಕ್ಷೆಗೆಂದು ಅವನ ಬಾಡಿಗೆ ಮನೆಯ ಮಾಳಿಗೆ ಹತ್ತಿದರು. ಯಾರೂ ಕರೆಯದ ಮನೆಯೊಡತಿ ಸುಗ್ರಾ ಬೇಗಂ ಕೊಡೆ ಹಿಡಿದು ನ್ಯಾಯಾಧೀಶೆಯಂತೆ ಕುಳಿತರು.

ಪುಟ್ಟ ಸಿಲಿಂಡರಿನ ಗ್ಯಾಸ್ ಒಲೆ ಮಣ್ಣಿನ ಕೊಡದ ಅರ್ಧ ಲೀಟರ್ ನೀರನ್ನು ಐದು ನಿಮಿಷಕ್ಕೆ ಕುದಿಸಿತು. ಬಿಳಿ ಇಂಧನದ ಬಿಲ್ಲೆ ಉರಿಸುವ ಒಲೆಗೆ ಹತ್ತು ನಿಮಿಷ ಹಿಡಿಯಿತು.

"ಯಾ ಅಲ್ಲಾ, ಮೀನ್ ಕೊಳೆತಂಗ ನಾರಾಕತ್ತದ!" ಎಂದರು ಸುಗ್ರಾ ಬೇಗಂ.

ಗ್ಯಾಸಿನ ಐದು ನಿಮಿಷ ಶೇಖರನಿಗೆ ಚುಚ್ಚಿತು. ನೀರು ತರುವ ನೆಪದಲ್ಲಿ ಮೆಟ್ಟಿಲ ಬಳಿ ಹೋದವನು ಕೊಡ ಬಿಟ್ಟು ಕಪ್ಪು ಟ್ಯಾಂಕಿನ ನಲ್ಲಿ ತಿರುಗಿಸಿದ. ರಾಯಚೂರಿನ ಬಿಸಿಲಿಗೆ ಆ ನೀರು ಕೈ ಇಡಲಾಗದಷ್ಟು ಕಾದಿತ್ತು.

ಸ್ಪಿರಿಟ್ ಸುರಿದು ಕಡ್ಡಿ ಗೀರಿದ.

"ಹತ್ತೇ ಇಲ್ಲಲ್ಲೋ ಬೇಟಾ."

"ಹತ್ತ್ಯದ ಖಾಲಾ, ಬಿಸಿಲಾಗ ಉರಿ ಕಾಣಲ್ಲ. ಇಲ್ನೋಡ್ರಿ..." ಎಂದು ಬಗ್ಗಿದ. ಎಡಮೀಸೆ ಚುರ್ ಎಂದಿತು.

"ಹಾಂ, ಈಗ ಕಾಣ್ತು!"

ಅರ್ಧ ಮೀಸೆಯಲ್ಲೇ ಶೇಖರ ಎದೆಯುಬ್ಬಿಸಿ ನಿಂತ. ನಾಲ್ಕು ನಿಮಿಷಕ್ಕೆ ನೀರು ಕೊತಕೊತ.

ಅಂಬಿಕಾ ಚಪ್ಪಾಳೆ ತಟ್ಟಿದರು. "ಭಾರಿ ಆತ್ರಿ ಶೇಖರ್! ಗ್ಯಾಸಾಗಿದ್ರ ಸಿಲಿಂಡರ್ ಹೊರಾಕ, ಅಡಿಗಿ ಮಾಡಾಕ ನಿಮ್ಮನ್ನ ಕರ್ಕೊಂಡು ಹೋಗ್ಬೇಕಂತ ಮಾಡಿದ್ದೆ. ಟಿಕೆಟ್ ಸುದ್ದಾ ಹೇಳಿಟ್ಟಿದ್ದೆ. ಇದಾದ್ರ ಒಬ್ಬೊಬ್ರ ಕಿಸೇದಾಗ ಒಂದೊಂದು. ತಮ್ತಮ್ದು ತಾವೇ ಕಾಸ್ಕೋತಾರ. ನಿಮಗ್ಯಾಕ ತ್ರಾಸು?"

ಶೇಖರ ಮಾನ ಹೋದರೂ ಹಿಮ ಸಿಗಲೆಂದು ಬಾಯಿಬಿಟ್ಟ. "ಮೇಡಂ, ಸುಳ್ರಿ ಅದು! ಟ್ಯಾಂಕಿನ ಬಿಸಿನೀರು ಹಾಕೀನಿ. ಗ್ಯಾಸೇ ಗೆದ್ದದ!"

"ತೋಬಾ!" ಸುಗ್ರಾ ಬೇಗಂ ಎದ್ದು ನಿಂತರು. "ನನ್ ಕೊಡದ್ ನೀರದು, ಬರ್ಫ್‌ನಂಗ ತಣ್ಣಗಿತ್ತು. ನಾ ಕಣ್ಣಾರೆ ನೋಡೀನಿ. ನಾಚ್ಕಿ ಪೋರ, ಹೊಗಳಿದ್ರ ಹಿಂಗೇ ಮಾಡ್ತಾನ."

ಅಂಬಿಕಾರ ಕಣ್ಣಲ್ಲಿ ಮೆಚ್ಚುಗೆ ತುಳುಕಿತು. "ಗೆದ್ದ ಮ್ಯಾಲೂ ಎಷ್ಟು ತಗ್ಗಿ ನಡೀತೀರಿ! ಶುಕ್ರವಾರದೊಳಗ ಹತ್ತು ಒಲಿ ಮಾಡಿ ಕೊಟ್ಬಿಡ್ರಿ."

"ಹನ್ನೊಂದು ಮಾಡೋ ಬೇಟಾ," ಎಂದರು ಸುಗ್ರಾ ಬೇಗಂ, "ಸಾಕ್ಷಿ ಹೇಳೀನಿ, ನನಗೊಂದು ಬ್ಯಾಡೇನು?"