ಸಮುದ್ರ ದಾಟಿದವಳೂ ನನ್ನ ಮುದ್ದೆಯೂ

ಬುದ್ಧಿಮಾತು ನಮ್ಮ ಕಾಲದಲ್ಲಿ ಪುಕ್ಕಟೆ ಸಿಗುತ್ತಿತ್ತು. ಜಗಲಿಯ ಮೇಲೆ ಕೂತವರು, ನಲ್ಲಿಯ ಹತ್ತಿರ ನಿಂತವರು, ಯಾರು ಬೇಕಾದರೂ ಹೇಳುತ್ತಿದ್ದರು. ನಾವೂ ಕೇಳಿದ ಹಾಗೆ ಮಾಡಿ ಕೊಡ ಎತ್ತಿಕೊಂಡು ಬರುತ್ತಿದ್ದೆವು. ಈಗ ಅದಕ್ಕೆ ಶಾಮಿಯಾನ ಹಾಕಿಸಬೇಕು, ಮೈಕು ತರಿಸಬೇಕು, ಹೇಳುವವರು ಕಾರಿನಲ್ಲಿ ಬಂದಿಳಿಯಬೇಕು. ಅದರ ಹೆಸರು ಸ್ಫೂರ್ತಿಯಂತೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು, ನನಗೆ ಸ್ಫೂರ್ತಿ ಬೇಗ ಬರುವುದಿಲ್ಲ. ಹಸಿವು ಬೇಗ ಬರುತ್ತದೆ.

ನನ್ನ ಸೊಸೆ ಮಂಜುಳಾ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತಾಳೆ. ಮಗ ಗೂಡ್ಸ್ ಆಟೋ ಓಡಿಸುತ್ತಾನೆ; ರಸ್ತೆಯ ಗುಂಡಿಗಳೆಲ್ಲ ಅವನಿಗೆ ಗೊತ್ತು, ಅಡುಗೆಮನೆಯ ದಾರಿ ಮಾತ್ರ ಗೊತ್ತಿಲ್ಲ. ಸೊಸೆ ಬಂದ ವರ್ಷವೇ ನಾನು ಮಂಡಿನೋವು ಎಂದು ಒಲೆಯ ಕೆಲಸದಿಂದ ರಿಟೈರ್ ಆದೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಮೇಲಿನವರು ಅವಳನ್ನು ಸೂಪರ್‌ವೈಸರ್ ಆಗುತ್ತೀಯಾ ಎಂದು ಕೇಳಿಬಿಟ್ಟರು. ಆದರೆ ಮನೆಗೆ ಬರುವುದು ತಡವಾಗುತ್ತದೆ. ತಡವಾದರೆ ರಾತ್ರಿಯ ಮುದ್ದೆ ಯಾರು ತಿರುವುವುದು?

"ನನ್ನ ಮಂಡಿ ಕೇಳಿ ಹೇಳ್ತೀನಿ," ಎಂದೆ. ಮಂಡಿ ಬೇಡ ಎಂದಿತು.

"ಸೋಮವಾರ ಆಗಲ್ಲ ಅಂತ ಹೇಳ್ಬಿಡ್ತೀನಿ ಬಿಡಿ ಅತ್ತೆ," ಎಂದು ಮಂಜುಳಾ ಪಾತ್ರೆ ತೊಳೆಯಲು ಕೂತಳು. ಆವತ್ತು ಪಾತ್ರೆಗಳು ಸ್ವಲ್ಪ ಜೋರಾಗಿಯೇ ಮಾತಾಡಿದವು.

ಆ ಸೋಮವಾರಕ್ಕೆ ಮುಂಚಿನ ಭಾನುವಾರ ಕಾರ್ಖಾನೆಯಲ್ಲಿ ಮನೆಯವರನ್ನೆಲ್ಲ ಕರೆಯುವ ಸಮಾರಂಭ. ಬಿಸಿಬೇಳೆಬಾತ್ ಇದೆ ಎಂದರು, ಹೋದೆ. ಬಾತಿಗೆ ಮುಂಚೆ ಭಾಷಣವಿದೆ ಎಂದು ಯಾರೂ ಹೇಳಿರಲಿಲ್ಲ. ಭಾಷಣಕ್ಕೆ ಬಂದವಳು ಒಬ್ಬಳೇ ದೋಣಿಗೆ ಹುಟ್ಟು ಹಾಕಿಕೊಂಡು ಮಹಾಸಾಗರ ದಾಟಿ ಚಾಂಪಿಯನ್ ಆದ ಹೆಂಗಸು. ನಮ್ಮ ಪಕ್ಕದ ಜಾಲಹಳ್ಳಿಯವಳಂತೆ. ಜಾಲಹಳ್ಳಿಯಲ್ಲಿ ಸಮುದ್ರ ಎಲ್ಲಿದೆ? ಮಳೆ ಬಂದಾಗ ಅಂಡರ್‌ಪಾಸಿನಲ್ಲಿ ಅಭ್ಯಾಸ ಮಾಡಿರಬೇಕು. ಅಲೆಗಳು ಮಹಡಿ ಮನೆಯಷ್ಟು ಎತ್ತರ ಬಂದವಂತೆ, ಅಂಗೈಯೆಲ್ಲ ಬೊಬ್ಬೆ ಎದ್ದಿತಂತೆ. ಆಚೆ ದಡದಲ್ಲಿ ನೆಂಟರಿದ್ದರಾ ಎಂದರೆ ಅದೂ ಇಲ್ಲ. ಹೋದಳು, ದಡ ಮುಟ್ಟಿದಳು, ವಿಮಾನ ಹತ್ತಿ ವಾಪಸ್ ಬಂದಳು. ವಿಮಾನ ಇದೆ ಎಂದು ಮೊದಲೇ ಗೊತ್ತಿದ್ದೂ!

"ನಿಮ್ಮೊಳಗೂ ಒಂದು ಸಮುದ್ರ ಇದೆ," ಎಂದು ಅವಳು ಎದೆ ಮುಟ್ಟಿಕೊಂಡಳು. ನನ್ನೊಳಗೆ ಆ ಹೊತ್ತಿನಲ್ಲಿ ಬರೀ ಗ್ಯಾಸ್ ಇತ್ತು. ಅಕ್ಕಪಕ್ಕದವರು ಕಣ್ಣೊರೆಸಿಕೊಂಡರು. ಮಂಜುಳಾ ಅಳಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕೂತಳು. ಅತ್ತಿದ್ದರೆ ನನಗೆ ಚಿಂತೆಯಿರಲಿಲ್ಲ.

ನಮ್ಮಲ್ಲಿ ಭಾಷಣ ಮಾಡಿದವರನ್ನು ಸನ್ಮಾನ ಮಾಡದೆ ಬಿಡುವುದುಂಟೇ? ಶಾಲು, ಪೇಟ, ಹಣ್ಣಿನ ಬುಟ್ಟಿ ಬಂದವು. ಹಿರಿಯರ ಕೈಯಿಂದಲೇ ಹೊದಿಸಬೇಕೆಂದು ಆಫೀಸಿನ ಮೇಡಂ ನನ್ನನ್ನು ಸ್ಟೇಜಿಗೆ ಹತ್ತಿಸಿದರು. ಶಾಲು ಹೊದಿಸಿದೆ, ಅವಳ ತಲೆಗೆ ಪೇಟ ಇಟ್ಟೆ. ಅದು ಮೂಗಿನವರೆಗೂ ಇಳಿಯಿತು. ಅಲೆಗೆ ಹೆದರದವಳು ಪೇಟಕ್ಕೆ ಗಾಬರಿಯಾದಳು. ಅಷ್ಟರಲ್ಲಿ ಯಾರೋ ನನ್ನ ಕೈಗೆ ಮೈಕು ತುರುಕಿ, "ಅಜ್ಜಿ, ಎರಡು ಮಾತು," ಎಂದರು. ಸೊಸೆಯನ್ನು ಕೆಡಿಸುತ್ತಿರುವ ಇವಳನ್ನು ಇಲ್ಲೇ ಕೇಳಿಬಿಡೋಣ ಎನಿಸಿತು.

"ಅಲ್ಲ ಕಣಮ್ಮಾ, ನೀನು ಅಷ್ಟು ದಿನ ನೀರಲ್ಲಿದ್ರೆ ಮನೇಲಿ ಅಡುಗೆ ಯಾರು ಮಾಡ್ತಿದ್ರು?"

ಜನ ಗೊಳ್ಳೆಂದರು. ಅವಳು ಪೇಟವನ್ನು ಹಿಂದಕ್ಕೆ ಸರಿಸಿ, "ನಮ್ಮತ್ತೆ, ಅಜ್ಜಿ. ಪಾಪ, ಅರವತ್ತಾಯ್ತು, ಕೈಲಾಗಲ್ಲ. ಆದ್ರೂ ನಂಗೋಸ್ಕರ ಮಾಡಿದ್ರು," ಎಂದಳು.

ಅರವತ್ತಕ್ಕೇ ಪಾಪವಂತೆ! ಆ ಅತ್ತೆಗೆ ಬಿದ್ದ ಚಪ್ಪಾಳೆ ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಅರವತ್ತಕ್ಕೆ ಕೈಲಾಗಲ್ವಾ? ನಂಗೆ ಎಪ್ಪತ್ತು ದಾಟೈತೆ! ಈಗ್ಲೂ ಒಬ್ಬಳೇ ನಿಂತ್ಕೊಂಡು ಹತ್ತು ಜನಕ್ಕೆ ಮುದ್ದೆ ತಿರುವಿ ಹಾಕ್ತೀನಿ, ತಿಳ್ಕೊ!"

ಶಿಳ್ಳೆ ಬಿತ್ತು. ಸಮುದ್ರ ದಾಟಿದವಳು ನನ್ನ ಕಾಲಿಗೇ ಬಿದ್ದಳು. ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಮಂಜುಳಾ. ಆಗ ನನಗೆ ಹೊಳೆಯಿತು, ಮಂಡಿಯನ್ನು ಕೇಳದೆ ಮೈಕಿನಲ್ಲೇ ಹೇಳಿಬಿಟ್ಟಿದ್ದೆ.

ಬಸ್ಸಿನಲ್ಲಿ ಅವಳು ಮೆಲ್ಲಗೆ, "ಅತ್ತೆ, ನಾಳೆ ಊಂ ಅಂದ್ಬಿಡ್ತೀನಿ," ಎಂದಳು.

"ಮಂಡಿ ಕಣೇ..."

"ಹತ್ತು ಜನಕ್ಕೆ ಮಾಡ್ತೀನಿ ಅಂದ್ರಲ್ಲ. ನಾವು ಇರೋದು ಮೂರೇ ಜನ."

ಹೀಗಾಗಿ ಈಗ ಸಂಜೆಯ ಒಲೆ ನನ್ನದು. ಕೈ ಮರೆತುಹೋಗಿದೆ, ಮುದ್ದೆಯಲ್ಲಿ ಹಿಟ್ಟು ಗಂಟು ಗಂಟಾಗುತ್ತದೆ. ಮೊದಲ ವಾರ ಮಂಜುಳಾ ಸದ್ದಿಲ್ಲದೆ ನುಂಗಿದಳು. ಮೊನ್ನೆ ತಟ್ಟೆ ಮುಂದಿಟ್ಟುಕೊಂಡು, ಸೂಪರ್‌ವೈಸರ್ ಹೊಲಿಗೆ ನೋಡುವ ಹಾಗೆ ಮುದ್ದೆ ಮುರಿದು ಒಳಗೆ ನೋಡಿ, ಒಂದು ಗಂಟನ್ನು ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟಳು.

"ಗಂಟು ಜಾಸ್ತಿ ಆಗ್ತಿದೆ. ನಾಳೆಯಿಂದ ಸರಿ ಮಾಡ್ಕೊಳ್ಳಿ."

ಇವಳನ್ನು ಇವತ್ತು ಬಿಡಬಾರದು ಎಂದುಕೊಂಡು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಯಿ ತೆರೆದೆ. ಹೊರಗೆ ಬಂದದ್ದು, "ಆಯ್ತು ಮೇಡಂ."